ಮಸ್ಕಿಯ ಟರ್ನ್‌ಔಟ್: ಮತಗಟ್ಟೆಯದ್ದೋ, ಕಾಲುವೆಯದ್ದೋ?

ಚುನಾವಣೆ ದಿನ ಟಿವಿ ಹಾಕಿದರೆ ಗಂಟೆಗೆ ಹತ್ತು ಸಲ ಕಿವಿಗೆ ಬೀಳೋ ಪದ ‘ಟರ್ನ್‌ಔಟ್’. ನಾವದನ್ನ ‘ಮತದಾನ ಪ್ರಮಾಣ’ ಅಂತ ಕನ್ನಡಕ್ಕೆ ತಂದುಕೊಂಡಿದೀವಿ. ಆದರೆ ‘ಟರ್ನ್ ಔಟ್’ ಅನ್ನೋ ಇಂಗ್ಲಿಷ್ ಕ್ರಿಯಾಪದಕ್ಕೆ ಇದೊಂದೇ ಅರ್ಥ ಅಲ್ಲ. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರಲ್ಲಿ ಅದರ ಅರ್ಥಗಳೆಲ್ಲ ಒಂದಕ್ಕೊಂದು ತಗಲಿಕೊಂಡೇ ಇವೆ.

ನಾನು ಓದಿದ್ದು ಇಂಜಿನಿಯರಿಂಗ್. ನೀರಾವರಿ ಪಠ್ಯದಲ್ಲಿ ಟರ್ನ್‌ಔಟ್ ಅಂದರೆ ಕಾಲುವೆ ನೀರನ್ನ ಹೊಲದ ಕಡೆ ತಿರುಗಿಸೋ ತೂಬು. ಪರೀಕ್ಷೆಗೆ ಅದರ ಚಿತ್ರ ಬರೆದು ಮರೆತೂಬಿಟ್ಟಿದ್ದೆ. ಅದು ಮತ್ತೆ ನೆನಪಾಗಿದ್ದು 2021ರ ಮಸ್ಕಿ ಉಪಚುನಾವಣೆಯಲ್ಲಿ. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕು ಅಂತ ಪಾಮನಕಲ್ಲೂರಲ್ಲಿ ರೈತರು ತಿಂಗಳುಗಟ್ಟಲೆ ಧರಣಿ ಕೂತಿದ್ದರು. ಮತಗಟ್ಟೆಗೆ ಬನ್ನಿ ಅಂತ ಪಕ್ಷಗಳು ಕರೀತಿದ್ದವು, ಹೊಲಕ್ಕೆ ನೀರು ಬರಲಿ ಅಂತ ಜನ ಕೇಳ್ತಿದ್ದರು. ಎರಡಕ್ಕೂ ಇಂಗ್ಲಿಷಲ್ಲಿ ಒಂದೇ ಪದ!

‘ಕೊನೆಗೆ ಹೀಗಾಯ್ತು’ ಅನ್ನೋದು ಮೂರನೇ ಅರ್ಥ. ಮಸ್ಕಿಯಲ್ಲಿ ಆಗಿದ್ದು ಇದು: 2018ರಲ್ಲಿ ಕಾಂಗ್ರೆಸ್‌ನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರ್ವಿಹಾಳರನ್ನ ಬರೀ 213 ಮತಗಳಿಂದ ಸೋಲಿಸಿದ್ದರು. 2021ರಲ್ಲಿ ಅದೇ ಇಬ್ಬರು, ಪಕ್ಷ ಮಾತ್ರ ಅದಲುಬದಲು. ಈ ಸಲ ತುರ್ವಿಹಾಳರು 30 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಗೆಲುವಿಗೆ ಕಾಲುವೆಯೊಂದೇ ಕಾರಣ ಅನ್ನೋಕಾಗಲ್ಲ, ಪಕ್ಷಾಂತರದ ಸಿಟ್ಟೂ ಇತ್ತು.

ಈ ಮೂರನೇ ಅರ್ಥದ ಬಗ್ಗೆ ನನಗೊಂದು ತಕರಾರಿದೆ. ‘ನೀರು ಸಾಲದಾಯ್ತು’ ಅಂತ ಬರೆದರೆ ಅದು ತನ್ನಷ್ಟಕ್ಕೆ ಆದಂತೆ ಕೇಳುತ್ತೆ. ತುಂಗಭದ್ರಾ ಎಡದಂಡೆಯಲ್ಲಿ ಮೇಲ್ಭಾಗದವರು ಪೈಪು ಹಾಕಿ ನೀರೆತ್ತುತ್ತಾರೆ, ಕಡಿಮೆ ನೀರಿನ ಬೆಳೆಗೆ ಅಂತ ಗೊತ್ತು ಮಾಡಿದ ಜಮೀನಲ್ಲೂ ಭತ್ತ ನಿಲ್ಲುತ್ತೆ. ಕೊನೇ ಭಾಗದ ರೈತ ರಸ್ತೆಗಿಳೀತಾನೆ. ಆ ವಾಕ್ಯದೊಳಗೆ ಇವರ್ಯಾರೂ ಇಲ್ಲ.

ಉತ್ಪಾದಿಸೋದೂ ಟರ್ನ್ ಔಟೇ: ಸಿಂಧನೂರಿನ ಮಿಲ್ಲುಗಳು ಅಕ್ಕಿ, ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಗಣಿ ಚಿನ್ನ.

ಇನ್ನೊಂದು ಅರ್ಥ ಕಠಿಣವಾದದ್ದು: ಹೊರಗೆ ಹಾಕೋದು. ಪೂರ್ವ ಪಾಕಿಸ್ತಾನದಲ್ಲಿ ನೆಲೆ ಕಳಕೊಂಡ ಬಂಗಾಳಿಗಳಿಗೆ ಸಿಂಧನೂರು ತಾಲ್ಲೂಕಿನ ಆರ್‌.ಎಚ್‌. ಕ್ಯಾಂಪ್‌ಗಳಲ್ಲಿ ಪುನರ್ವಸತಿ ಕೊಟ್ಟರು. ಅಲ್ಲಿನ ಎಷ್ಟೋ ಜನ ಪೌರತ್ವಕ್ಕಾಗಿ ದಶಕಗಟ್ಟಲೆ ಅಲೆದಿದ್ದಾರೆ.

ಈಗ ಟಿವಿಯ ಆ ಶೇಕಡಾವಾರು ಲೆಕ್ಕ ನೋಡಿ. ಅದನ್ನ ತೆಗೆಯೋದು ಮತದಾರರ ಪಟ್ಟಿಯಲ್ಲಿ ಹೆಸರಿದ್ದವರ ಮೇಲೆ. ಪೌರತ್ವ ಸಿಗದವರು ಆ ಲೆಕ್ಕದಲ್ಲೇ ಇಲ್ಲ. ಲಿಂಗಸುಗೂರು, ಮಸ್ಕಿಯಿಂದ ಬೆಂಗಳೂರಿಗೆ ಗುಳೆ ಹೋದವರ ಹೆಸರು ಊರಿನ ಪಟ್ಟಿಯಲ್ಲೇ ಇರುತ್ತೆ. ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಹಾಕಿ ಬರೋಕಾಗದಿದ್ದರೆ ಮಾರನೇ ದಿನ ಅವರ ಹೆಸರು ‘ಮತದಾರರ ನಿರುತ್ಸಾಹ’ ಅನ್ನೋ ಸುದ್ದಿಯ ಲೆಕ್ಕಕ್ಕೆ ಸೇರುತ್ತೆ.