ರೋಗಿಯ ಮುಖದ ಮೇಲೆ ಪ್ಲಾಸ್ಟಿಕ್ ಪೆಟ್ಟಿಗೆ ಇಟ್ಟರೆ ವೈದ್ಯರಿಗೆ ಸೋಂಕು ತಗಲುವುದಿಲ್ಲವೇ?

ಸೋಂಕಿತ ರೋಗಿಯ ತಲೆಯ ಮೇಲೊಂದು ಪಾರದರ್ಶಕ ಪೆಟ್ಟಿಗೆ. ಅದರ ಎರಡು ರಂಧ್ರಗಳಲ್ಲಿ ಕೈ ತೂರಿಸಿ ವೈದ್ಯರು ಉಸಿರಾಟದ ಕೊಳವೆ ಹಾಕುತ್ತಿರುತ್ತಾರೆ. ಡಾಕ್ಟರು, ನರ್ಸುಗಳ ಜೀವ ಉಳಿಸುವ ಅಗ್ಗದ ಉಪಾಯ ಎಂಬಂತೆ ಕೋವಿಡ್ ಕಾಲದಲ್ಲಿ ಇಂಥ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಓಡಾಡಿದವು. ಪೆಟ್ಟಿಗೆ ನಿಜ. ಅದು ಕಾಪಾಡುತ್ತದೆ ಎನ್ನುವುದು ಅರ್ಧ ಮಾತ್ರ ನಿಜ.

ಅಪಾಯವಂತೂ ಸುಳ್ಳಲ್ಲ. ಕೊಳವೆ ಹಾಕುವವರ ಮುಖ ರೋಗಿಯ ಬಾಯಿಗೆ ಒಂದೆರಡು ಗೇಣು ದೂರದಲ್ಲಿರುತ್ತದೆ. 2003ರ ಸಾರ್ಸ್ ಕಾಲದ ಅಧ್ಯಯನಗಳನ್ನು 2012ರಲ್ಲಿ ಒಟ್ಟಿಗೆ ಇಟ್ಟು ನೋಡಿದಾಗ, ಕೊಳವೆ ಹಾಕಿದ ಸಿಬ್ಬಂದಿಗೆ ಸೋಂಕಿನ ಸಂಭವ ಇತರ ಸಿಬ್ಬಂದಿಗಿಂತ ಸುಮಾರು ಆರೂವರೆ ಪಟ್ಟು ಹೆಚ್ಚು ಕಂಡಿತ್ತು. ಕೊಳವೆ ಹಾಕದಿದ್ದರೂ ಅಪಾಯ ತಪ್ಪಿದ್ದಲ್ಲ: 2020ರ ಮಾರ್ಚ್‌ನಲ್ಲಿ ಕಲಬುರಗಿಯಲ್ಲಿ, ದೇಶದಲ್ಲೇ ಮೊದಲು ಕೋವಿಡ್‌ನಿಂದ ತೀರಿಕೊಂಡವರಿಗೆ ಚಿಕಿತ್ಸೆ ನೀಡಿದ್ದ ವೈದ್ಯರಿಗೂ ಸೋಂಕು ದೃಢಪಟ್ಟಿತ್ತು.

ಪೆಟ್ಟಿಗೆಯನ್ನು ರೂಪಿಸಿದ್ದು ತೈವಾನಿನ ಅರಿವಳಿಕೆ ತಜ್ಞ ಲೈ ಸಿಯೆನ್-ಯುಂಗ್. ಬಾಸ್ಟನ್ನಿನ ವೈದ್ಯರು ಗೊಂಬೆಯ ಬಾಯೊಳಗೆ ಹೊಳೆಯುವ ಬಣ್ಣ ತುಂಬಿದ ಬಲೂನು ಒಡೆದು ಕೆಮ್ಮಿನ ನಕಲು ಮಾಡಿದರು. ಪೆಟ್ಟಿಗೆ ಇಲ್ಲದಾಗ ಬಣ್ಣ ವೈದ್ಯರ ಕೂದಲು, ಕುತ್ತಿಗೆ, ಶೂ ತನಕ ಹಾರಿತು. ಇದ್ದಾಗ ಕೈಗವಸು ಮತ್ತು ತೋಳಿನ ಮೇಲಷ್ಟೇ. ಆದರೆ ಇದು ದಪ್ಪ ಹನಿಗಳ ಕಥೆ. ಉಸಿರಿನ ಸೂಕ್ಷ್ಮ ಕಣಗಳು ಊದುಬತ್ತಿಯ ಹೊಗೆಯಂತೆ ತೇಲುತ್ತವೆ, ಕೈ ತೂರಿಸಿದ ರಂಧ್ರದಿಂದಲೇ ಹೊರಗೆ ಬರುತ್ತವೆ.

ಆಸ್ಟ್ರೇಲಿಯಾದಲ್ಲಿ 12 ಅರಿವಳಿಕೆ ತಜ್ಞರು ಗೊಂಬೆಯ ಮೇಲೆ 36 ಬಾರಿ ಕೊಳವೆ ಹಾಕಿ ನೋಡಿದರು. ಪೆಟ್ಟಿಗೆ ಇದ್ದಾಗ ಸಮಯ ಹೆಚ್ಚು ಹಿಡಿಯಿತು, ಕೆಲವರ ರಕ್ಷಣಾ ಉಡುಪೇ ಹರಿಯಿತು. ಆಮ್ಲಜನಕವಿಲ್ಲದ ರೋಗಿಗೆ ಒಂದೊಂದು ನಿಮಿಷವೂ ದುಬಾರಿ. ಅಮೆರಿಕದ ಎಫ್‌ಡಿಎ 2020ರ ಮೇ ತಿಂಗಳಲ್ಲಿ ಇಂಥ ಪೆಟ್ಟಿಗೆಗಳಿಗೆ ಕೊಟ್ಟ ತುರ್ತು ಅನುಮತಿಯನ್ನು ಆಗಸ್ಟ್‌ನಲ್ಲೇ ವಾಪಸ್ ಪಡೆಯಿತು. ಈ ಸುದ್ದಿಯನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡಲಿಲ್ಲ!

ಹಾಗಾದರೆ ಕೆಲಸಕ್ಕೆ ಬರುವುದು ಏನು? ಮುಖಕ್ಕೆ ಸರಿಯಾಗಿ ಕೂರುವ ಎನ್95 ಮಾಸ್ಕ್, ಗಾಳಿಯಾಡುವ ಕೋಣೆ, ಒಂದೇ ಯತ್ನಕ್ಕೆ ಕೊಳವೆ ಹಾಕಬಲ್ಲ ಅನುಭವಿ ಕೈ. ಮೊದಲೇ ಸ್ನಾಯು ಸಡಿಲಿಸುವ ಔಷಧ ಕೊಟ್ಟರೆ ರೋಗಿ ಕೆಮ್ಮುವುದಿಲ್ಲ. ಇದು ಸಣ್ಣ ವಿಷಯವಲ್ಲ: 2020ರಲ್ಲಿ ಬ್ರಿಟನ್ನಿನ ಆಪರೇಷನ್ ಥಿಯೇಟರುಗಳಲ್ಲಿ ಅಳೆದಾಗ, ಹೀಗೆ ಔಷಧ ಕೊಟ್ಟು ಕೊಳವೆ ಹಾಕುವಾಗ ಹೊಮ್ಮಿದ ಕಣಗಳು ಒಂದು ಕೆಮ್ಮಿನಿಂದ ಹೊಮ್ಮುವುದಕ್ಕಿಂತ ತೀರಾ ಕಡಿಮೆ ಇದ್ದವು.

ಕೋವಿಡ್ ಅಬ್ಬರ ತಗ್ಗಿದರೂ ಗಾಳಿಯಲ್ಲೇ ಹರಡುವ ಕ್ಷಯ ನಮ್ಮಲ್ಲಿ ಇದ್ದೇ ಇದೆ. ಸಿರಿಗೆರೆಯಿಂದ ಉಸಿರು ಕಟ್ಟಿದ ಅಜ್ಜನನ್ನು 108ರಲ್ಲಿ ಚಿತ್ರದುರ್ಗಕ್ಕೋ ದಾವಣಗೆರೆಗೋ ಕರೆದೊಯ್ಯುವಾಗ, ಅವರಿಗೆ ಟಿ.ಬಿ. ಮಾತ್ರೆ ನಡೆಯುತ್ತಿದ್ದರೆ ಅಥವಾ ಎರಡು ವಾರ ಮೀರಿದ ಕೆಮ್ಮಿದ್ದರೆ ಆಂಬುಲೆನ್ಸ್ ಹತ್ತುವಾಗಲೇ ಸಿಬ್ಬಂದಿಗೆ ಹೇಳಿಬಿಡಿ. ಜನ ಏನಂದುಕೊಂಡಾರೋ ಎಂದು ಮುಚ್ಚಿಟ್ಟರೆ, ಅಜ್ಜನ ಬಾಯಿಯ ಮೇಲೆ ಬಾಗುವ ನರ್ಸಮ್ಮ ಸಾದಾ ಮಾಸ್ಕಿನಲ್ಲೇ ಬಾಗುತ್ತಾರೆ. ಕೊಳವೆ ಹಾಕುವಾಗ ಹೊರಗಿರಿ ಎಂದರೆ ಮನೆಯವರು ಹೊರಗೇ ನಿಲ್ಲಬೇಕು. ಆ ಗಾಳಿಯನ್ನು ಉಸಿರಾಡುವವರು ನೀವೂ ಹೌದು.