ಆಕಾಶದಲ್ಲಿ ಕರೆಂಟು ಹೋಯ್ತು, ಕಾರಣ ಅಡುಗೆಕೋಣೆ ಮೋರಿ!

ದುರ್ಗಿಗುಡಿಯಲ್ಲಿ ಕರೆಂಟು ಹೋದರೆ ಏನಾಗುತ್ತದೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ‘ಹೋಯ್ತಲ್ಲಪ್ಪಾ’ ಅಂತ ಒಂದು ಉದ್ಗಾರ, ಆಮೇಲೆ ಅಂಗಡಿ ಮುಂದೆ ಜನರೇಟರಿನ ಡಬಡಬ. ಸೀರೆ ಆರಿಸುತ್ತಿದ್ದಾಕೆ ಸೆರಗನ್ನು ಬಾಗಿಲ ಬೆಳಕಿಗೆ ಹಿಡಿದು ಬಣ್ಣ ನೋಡುತ್ತಾಳೆ. ನಾಡಿಗೆಲ್ಲ ಬೆಳಕು ಕೊಟ್ಟ ಶರಾವತಿ ನಮ್ಮ ಜಿಲ್ಲೆಯವಳೇ, ಆದರೂ ಈ ಕತ್ತಲೆ ನಮಗೆ ಹೊಸದಲ್ಲ.

ಅದಿರಲಿ. 2023ರ ಆಗಸ್ಟ್ 31ರಂದು ಸೋಗಾನೆಯಲ್ಲಿ ಬೆಂಗಳೂರಿನ ಮೊದಲ ವಿಮಾನ ಇಳಿಯಿತು. ಅಂದಮೇಲೆ ಬಸ್‌ಸ್ಟ್ಯಾಂಡಿನಲ್ಲಿ ನಿಂತವರು ತಲೆಯೆತ್ತಿ ನೋಡಿ, ‘ಅಲ್ರೀ, ಅಷ್ಟು ಮೇಲೆ ಹೋದಾಗ ಕರೆಂಟು ಕೈಕೊಟ್ರೆ ಗತಿ ಏನು?’ ಅಂತ ಕೇಳಿದರೆ ತಪ್ಪೇನಿಲ್ಲ.

ಕೈಕೊಟ್ಟದ್ದುಂಟು. 2008ರ ಜನವರಿ 7. ಲಂಡನ್ನಿನಿಂದ ಹೊರಟ ಕ್ವಾಂಟಾಸ್ ಕಂಪನಿಯ ಬೋಯಿಂಗ್ 747 ಜಂಬೋ ವಿಮಾನ 365 ಜನರನ್ನು ಹೊತ್ತು ಬ್ಯಾಂಕಾಕ್ ಹತ್ತಿರ ಬಂದಿತ್ತು. ಮುಂದಿನ ಅಡುಗೆಕೋಣೆಯಲ್ಲಿ ನೀರು ಉಕ್ಕಿ ನೆಲದ ಮೇಲೆ ಹರಿಯುತ್ತಿದೆ ಎಂದು ಕ್ಯಾಬಿನ್ ಸಿಬ್ಬಂದಿ ಪೈಲಟ್‌ಗೆ ತಿಳಿಸಿದರು. ಸ್ವಲ್ಪ ಹೊತ್ತಿಗೆ ಕಾಕ್‌ಪಿಟ್ಟಿನಲ್ಲಿ ಎಚ್ಚರಿಕೆಗಳ ಸುರಿಮಳೆ. ಆಟೋಪೈಲಟ್ ಕೈಬಿಟ್ಟಿತು. ಪರದೆಗಳು ಕಪ್ಪಾದವು.

ಜಂಬೋಗೆ ನಾಲ್ಕು ಎಂಜಿನ್, ಒಂದೊಂದಕ್ಕೂ ಒಂದು ಜನರೇಟರ್. ಒಂದು ಕೆಟ್ಟರೆ ಉಳಿದವು ಹೊರೆ ಹೊರುತ್ತವೆ. ಎಲ್ಲಕ್ಕೂ ಒಂದೇ ಗಳಿಗೆಯಲ್ಲಿ ಗ್ರಹಚಾರ ವಕ್ಕರಿಸಲಾರದು ಎಂಬುದು ಲೆಕ್ಕ. ಆ ಲೆಕ್ಕವನ್ನು ತಪ್ಪಿಸಿದ್ದು ಒಂದು ಮೋರಿ. ಅಡುಗೆಕೋಣೆಯ ಕೊಳಕು ನೀರು ಹೊರಹೋಗುವ ಕೊಳವೆಯಲ್ಲಿ ಮಂಜುಗಡ್ಡೆ ಕಟ್ಟಿಕೊಂಡಿತ್ತು. ನೀರು ನೆಲದಡಿ ಇಳಿಯಿತು. ಅಲ್ಲೇ ಜನರೇಟರುಗಳನ್ನು ಹತೋಟಿಯಲ್ಲಿಡುವ ಪೆಟ್ಟಿಗೆಗಳು. ಮೇಲಿಂದ ನೀರು ತೊಟ್ಟಿಕ್ಕದಂತೆ ಹಾಕಿದ್ದ ಹೊದಿಕೆ ಬಿರುಕು ಬಿಟ್ಟಿತ್ತು. ನಾಲ್ಕರಲ್ಲಿ ಮೂರು ಪೆಟ್ಟಿಗೆ ಕೆಲಸ ನಿಲ್ಲಿಸಿದವು.

ಇಲ್ಲಿ ಒಂದು ಮಾತು ಗಮನಿಸಬೇಕು. ಎಂಜಿನ್ ನಾಲ್ಕೂ ಓಡುತ್ತಲೇ ಇದ್ದವು. ಕರೆಂಟು ಹೋದ ಮಾತ್ರಕ್ಕೆ ಎಂಜಿನ್ ನಿಲ್ಲುವುದಿಲ್ಲ, ಅದನ್ನು ನಿಯಂತ್ರಿಸುವ ಯಂತ್ರಕ್ಕೆ ಬೇಕಾದ ವಿದ್ಯುತ್ತನ್ನು ಅದೇ ಹುಟ್ಟಿಸಿಕೊಳ್ಳುತ್ತದೆ. ಕೆಟ್ಟದ್ದು ಕಣ್ಣು ಮತ್ತು ಕಿವಿ, ಅಂದರೆ ದಾರಿ ತೋರುವ ಯಂತ್ರ, ರೇಡಿಯೋ, ಪರದೆ. ಅತಿ ಮುಖ್ಯವಾದ ಕೆಲವನ್ನು ಬ್ಯಾಟರಿ ಎತ್ತಿಕೊಂಡಿತು. ಆ ಬ್ಯಾಟರಿಯ ಭರವಸೆ ಎಷ್ಟು ಹೊತ್ತು? ಕನಿಷ್ಠ 30 ನಿಮಿಷ. ನಮ್ಮ ಅಂಗಡಿಗಳ ಇನ್ವರ್ಟರೇ ಇದಕ್ಕಿಂತ ಹೆಚ್ಚು ತಡೆಯುತ್ತದೆ ಎಂದು ನಗಬೇಡಿ. ಅಂಗಡಿಯನ್ನು ಯಾರೂ ಕೆಳಗೆ ಇಳಿಸಬೇಕಾಗಿಲ್ಲ.

ಇಂಥ ಹೊತ್ತಿಗೆ ಪೈಲಟ್‌ಗಳಿಗೆ ಕಲಿಸಿದ ಪಾಠ ಒಂದೇ: ಮೊದಲು ವಿಮಾನ ಹಾರಿಸು, ಆಮೇಲೆ ದಾರಿ ನೋಡು, ಕೊನೆಗೆ ಮಾತಾಡು. ಒಬ್ಬರು ಹಿಡಿಕೆ ಬಿಡಬಾರದು, ಇನ್ನೊಬ್ಬರು ಪುಸ್ತಕ ತೆಗೆದು ಪಟ್ಟಿ ಓದಬೇಕು. ಕಂಡಕಂಡ ಸ್ವಿಚ್ಚು ಒತ್ತುವ ಹಾಗಿಲ್ಲ. ಕ್ವಾಂಟಾಸ್ ಸಿಬ್ಬಂದಿ ಹಾಗೆಯೇ ನಡೆದರು. ಹಗಲಿತ್ತು, ಹವೆ ಚೆನ್ನಾಗಿತ್ತು, ನಿಲ್ದಾಣ ಹತ್ತಿರವಿತ್ತು. ವಿಮಾನ ಇಳಿಯಿತು, ಯಾರಿಗೂ ಗಾಯವಿಲ್ಲ. ಇದೇ ಮೋರಿ ಸಮುದ್ರದ ನಡುವೆ ಕಟ್ಟಿಕೊಂಡಿದ್ದರೆ? ಆ 30 ನಿಮಿಷದ ಲೆಕ್ಕವನ್ನು ಓದುಗರೇ ಹಾಕಿಕೊಳ್ಳಲಿ.

ಎಲ್ಲರಿಗೂ ಅಷ್ಟು ಹೊತ್ತು ಸಿಗುವುದಿಲ್ಲ. 1998ರ ಸೆಪ್ಟೆಂಬರ್ 2ರಂದು ನ್ಯೂಯಾರ್ಕಿನಿಂದ ಜಿನೀವಾಕ್ಕೆ ಹೊರಟ ಸ್ವಿಸ್ಏರ್ 111ರ ಪೈಲಟ್‌ಗಳಿಗೆ ಮೊದಲು ಬಂದದ್ದು ಬರೀ ಒಂದು ವಾಸನೆ. ಚಾವಣಿಯ ಮೇಲಿನ ತಂತಿಯಲ್ಲಿ ಹಾರಿದ ಕಿಡಿ ಹೊದಿಕೆಗೆ ಹತ್ತಿಕೊಂಡಿತ್ತು. ವಾಸನೆ ಬಂದ ಸುಮಾರು 21 ನಿಮಿಷಕ್ಕೆ ವಿಮಾನ ಕೆನಡಾ ತೀರದ ಸಮುದ್ರಕ್ಕೆ ಬಿತ್ತು. 229 ಜನ, ಒಬ್ಬರೂ ಉಳಿಯಲಿಲ್ಲ. ಹೊಗೆಯ ಮೂಲ ತಿಳಿಯದಿದ್ದರೆ ಹುಡುಕುತ್ತ ಕೂರಬೇಡ, ಇಳಿಯುವ ದಾರಿ ಹಿಡಿ ಎಂಬ ಮಾತಿಗೆ ಆಮೇಲೆ ತೂಕ ಬಂತು. ಹಾರಿದ ಬ್ರೇಕರನ್ನು ಮತ್ತೆಮತ್ತೆ ಒತ್ತುವುದಂತೂ ವಿಮಾನದಲ್ಲಿ ನಿಷಿದ್ಧ. ಫ್ಯೂಸ್ ಹೋದರೆ ದಪ್ಪ ತಂತಿ ಸುತ್ತಿ ವ್ಯಾಪಾರ ನಡೆಸುವ ನಮ್ಮ ಮಹಾನುಭಾವರು ಇದನ್ನು ಎರಡು ಸಲ ಓದುವುದೊಳ್ಳೆಯದು.

ಸೋಗಾನೆಗೆ ಮೊದಲು ಬಂದಿಳಿದ ಎಟಿಆರ್ ವಿಮಾನದಲ್ಲೂ ಏರ್ಪಾಡು ಇದೇ ಜಾತಿಯದು. ಎರಡು ಎಂಜಿನ್ನಿಗೂ ಜನರೇಟರ್ ಇದೆ, ಬೆನ್ನಿಗೆ ಬ್ಯಾಟರಿಗಳಿವೆ. ನೆಲದ ಮೇಲೆ ನಿಂತಾಗ ಅದರಲ್ಲಿ ಒಂದು ವಿಚಿತ್ರ ಕಾಣಬಹುದು: ಬಲಗಡೆಯ ಎಂಜಿನ್ ಗುಂಯ್ ಎನ್ನುತ್ತಿರುತ್ತದೆ, ಅದರ ಫ್ಯಾನು ಮಾತ್ರ ತಿರುಗುವುದಿಲ್ಲ. ಕೆಟ್ಟಿದೆಯೆಂದು ಗಾಬರಿ ಬೀಳಬೇಕಾಗಿಲ್ಲ. ಫ್ಯಾನಿಗೆ ಬ್ರೇಕು ಹಾಕಿ, ಎಂಜಿನ್ನಿನಿಂದ ಒಳಗಿನ ದೀಪ ಮತ್ತು ಎಸಿಗೆ ಶಕ್ತಿ ತೆಗೆಯುವ ಕ್ರಮ ಅದು. ಇದಕ್ಕೆ ಅವರ ಭಾಷೆಯಲ್ಲಿ ‘ಹೋಟೆಲ್ ಮೋಡ್’ ಎನ್ನುತ್ತಾರೆ. ಮಸಾಲೆ ದೋಸೆ ಮಾತ್ರ ಸಿಗುವುದಿಲ್ಲ.