ಹೂವಿನ ಹಚ್ಚೆ: ಅದರ ಅರ್ಥವೇನು?



ನಿಮ್ಮ ಊರಿನ ಹಿರಿಯ ಹೆಂಗಸರ ಮುಂಗೈಯಲ್ಲಿ ಹಸಿರು ಹಚ್ಚೆಯನ್ನು ನೀವು ನೋಡಿರಬಹುದು. ಇಂದು ನಿಮ್ಮದೇ ವಯಸ್ಸಿನವರು 'ಟ್ಯಾಟೂ' ಎಂಬ ಹೆಸರಿನಲ್ಲಿ ಗುಲಾಬಿಯನ್ನೋ ಕಮಲವನ್ನೋ ಹಾಕಿಸಿಕೊಳ್ಳುತ್ತಿದ್ದಾರೆ. ಸಂಜೆಗೆ ಬಾಡುವ ಹೂವನ್ನು ಜೀವನಪರ್ಯಂತ ಅಳಿಯದ ಹಚ್ಚೆಯಲ್ಲಿ ಹಿಡಿದಿಡುವುದೇಕೆ? ಇದನ್ನು ತಿಳಿಯಲು ಜಪಾನ್ ದೇಶದ ಹಚ್ಚೆಯನ್ನು ನೋಡೋಣ. ಅಲ್ಲಿ ಒಂದೊಂದು ಹೂವಿಗೂ ಒಂದೊಂದು ಅರ್ಥವಿದೆ.

ಮೊದಲಿಗೆ, ಹಚ್ಚೆ ಏಕೆ ಅಳಿಯುವುದಿಲ್ಲ? ನಮ್ಮ ಚರ್ಮದ ಹೊರಪದರ ಸದಾ ಉದುರಿ ಹೊಸದಾಗುತ್ತಿರುತ್ತದೆ. ಸೂಜಿಯು ಬಣ್ಣವನ್ನು ಅದರ ಕೆಳಗಿನ ಪದರಕ್ಕೆ ಸೇರಿಸುತ್ತದೆ. ಅಲ್ಲಿನ ಜೀವಕೋಶಗಳು ಬಣ್ಣದ ಕಣಗಳನ್ನು ನುಂಗಿ ಹಿಡಿದಿಟ್ಟುಕೊಳ್ಳುತ್ತವೆ. ಆದ್ದರಿಂದಲೇ ಹಚ್ಚೆ ಕ್ರಮೇಣ ಮಸುಕಾದರೂ ಮಾಯವಾಗುವುದಿಲ್ಲ.

ಚೀನಾದ ಹಳೆಯ ಕಾದಂಬರಿಯೊಂದರಲ್ಲಿ ಅಧಿಕಾರಿಗಳ ಅನ್ಯಾಯಕ್ಕೆ ಎದುರು ನಿಂತ 108 ವೀರರ ಕಥೆ ಬರುತ್ತದೆ. ಅವರಲ್ಲಿ ಒಬ್ಬನ ಬೆನ್ನ ಮೇಲೆ ಹೂವಿನ ಹಚ್ಚೆ ಇದ್ದುದರಿಂದ ಅವನಿಗೆ 'ಹೂವಿನ ಸನ್ಯಾಸಿ' ಎಂದೇ ಹೆಸರು. 1827ರ ಸುಮಾರಿಗೆ ಕುನಿಯೋಶಿ ಎಂಬ ಜಪಾನಿ ಚಿತ್ರಕಾರ ಈ ವೀರರ ಚಿತ್ರಗಳನ್ನು ಮರದ ಅಚ್ಚಿನಲ್ಲಿ ಹೊರತಂದ. ಅವರಲ್ಲಿ ಹಲವರ ಮೈತುಂಬ ಹಚ್ಚೆಯಿತ್ತು. ಎಡೊ ನಗರದ, ಅಂದರೆ ಇಂದಿನ ಟೋಕಿಯೋದ, ಬೆಂಕಿ ಆರಿಸುವವರೂ ಕೂಲಿಯಾಳುಗಳೂ ಅಂಥದೇ ಹಚ್ಚೆಯನ್ನು ತಮ್ಮ ಬೆನ್ನಿಗೂ ಹಾಕಿಸಿಕೊಂಡರು. ರೇಷ್ಮೆ ಉಡಲಾಗದ ದುಡಿಯುವ ಜನಕ್ಕೆ ಚರ್ಮವೇ ಜರತಾರಿಯಾಯಿತು.

ಇನ್ನು ಹೂಗಳ ಅರ್ಥಕ್ಕೆ ಬರೋಣ. ಚೆರ್ರಿ ಹೂವು ಅರಳಿದ ಒಂದೆರಡು ವಾರಗಳಲ್ಲೇ ಉದುರುತ್ತದೆ. ಆದ್ದರಿಂದ ಅದು ಬಾಳು ಕ್ಷಣಿಕ ಎಂಬುದರ ಗುರುತು. ಅಳಿಯದ ಹಚ್ಚೆಯಲ್ಲಿ ಅಳಿಯುವ ಹೂವು! ಸೇವಂತಿಗೆ ದೀರ್ಘಾಯುಷ್ಯದ ಸಂಕೇತ. ಹದಿನಾರು ದಳಗಳ ಸೇವಂತಿಗೆಯೇ ಜಪಾನಿನ ಅರಸುಮನೆತನದ ಲಾಂಛನ. ದೊಡ್ಡ ದಳಗಳ ಪಿಯೋನಿಯನ್ನು 'ಹೂಗಳ ರಾಜ' ಎನ್ನುತ್ತಾರೆ. ಅದನ್ನು ಮೃಗರಾಜನಾದ ಸಿಂಹದ ಜೊತೆಗೆ ಬರೆಯುವುದು ರೂಢಿ. ಕಮಲದ ಅರ್ಥ ನಮಗೆ ಹೊಸದಲ್ಲ: ಕೆಸರಿನಲ್ಲಿ ಹುಟ್ಟಿಯೂ ಕೆಸರು ಅಂಟದ ಹೂವು ಅದು. ಬೌದ್ಧಧರ್ಮದೊಡನೆ ಈ ಭಾವನೆ ಭಾರತದಿಂದ ಹೊರಟು ಚೀನಾ, ಕೊರಿಯಾಗಳ ಮೂಲಕ ಜಪಾನನ್ನು ತಲುಪಿತು.

ಆದರೆ ಇದೇ ಹಚ್ಚೆ ಅಲ್ಲಿ ಅಪರಾಧವೂ ಆಯಿತು. ಅಪರಾಧಿಗಳಿಗೆ ಗುರುತಿನ ಹಚ್ಚೆ ಹಾಕುವ ಶಿಕ್ಷೆ ಮೊದಲೇ ಇತ್ತು. ಪಾಶ್ಚಾತ್ಯರು ತಮ್ಮನ್ನು ಅನಾಗರಿಕರೆಂದು ತಿಳಿದಾರು ಎಂಬ ಅಂಜಿಕೆಯಿಂದ ಸರಕಾರವು 1872ರಲ್ಲಿ ಹಚ್ಚೆಯನ್ನೇ ನಿಷೇಧಿಸಿತು. ವಿಚಿತ್ರವೆಂದರೆ, ಮುಂದೆ ಐದನೆಯ ಜಾರ್ಜ್ ದೊರೆಯಾದ ಬ್ರಿಟಿಷ್ ರಾಜಕುಮಾರನೇ 1881ರಲ್ಲಿ ಜಪಾನಿನಲ್ಲಿ ತನ್ನ ತೋಳಿಗೆ ಹಚ್ಚೆ ಹಾಕಿಸಿಕೊಂಡ! ನಿಷೇಧ ತೆರವಾದದ್ದು 1948ರಲ್ಲಿ. ಅಷ್ಟರಲ್ಲಿ ಹಚ್ಚೆಯೆಂದರೆ ರೌಡಿಗಳ ಗುರುತು ಎಂಬ ಭಾವನೆ ಬೇರೂರಿತ್ತು. ಈಗಲೂ ಅಲ್ಲಿನ ಅನೇಕ ಸಾರ್ವಜನಿಕ ಸ್ನಾನಗೃಹಗಳಲ್ಲಿ ಹಚ್ಚೆಯುಳ್ಳವರಿಗೆ ಪ್ರವೇಶವಿಲ್ಲ. 2013ರಲ್ಲಿ ನ್ಯೂಜಿಲೆಂಡಿನ ಮಾವೊರಿ ಮಹಿಳೆಯೊಬ್ಬರನ್ನು ಹೊಕ್ಕೈಡೊ ದ್ವೀಪದ ಒಂದು ಸ್ನಾನಗೃಹವು ಒಳಗೆ ಬಿಡಲಿಲ್ಲ. ಅವರ ಮುಖದ ಹಚ್ಚೆ ಅವರ ಜನರಲ್ಲಿ ವಂಶದ ಗೌರವವನ್ನು ಸಾರುವಂಥದು.

ಇದರಿಂದ ತಿಳಿಯುವುದೇನು? ಹಚ್ಚೆಯ ಅರ್ಥವನ್ನು ಅದನ್ನು ಹಾಕಿಸಿಕೊಂಡವರು ಮಾತ್ರವಲ್ಲ, ನೋಡುವವರೂ ಕೂಡಿಯೇ ಬರೆಯುತ್ತಾರೆ. ನೋಡುವವರು ಬದಲಾದರೆ ಅರ್ಥವೂ ಬದಲಾಗುತ್ತದೆ. ಚರ್ಮದ ಮೇಲಿನ ಗೆರೆ ಮಾತ್ರ ಬದಲಾಗುವುದಿಲ್ಲ. ಆದ್ದರಿಂದ ಹಚ್ಚೆ ಹಾಕಿಸಿಕೊಳ್ಳುವ ಮುನ್ನ ನಿಮ್ಮನ್ನು ನೀವೇ ಕೇಳಿಕೊಳ್ಳಿ: ಈ ಹೂವು ಏನು ಹೇಳುತ್ತದೆ, ಯಾರಿಗೆ ಹೇಳುತ್ತದೆ? ಹಾಗೆಯೇ, ಬೇರೆಯವರ ಮೈಮೇಲಿನ ಹಚ್ಚೆಯನ್ನು ಕಂಡು ಅವರು ಎಂಥವರೆಂದು ತೀರ್ಮಾನಿಸುವ ಮುನ್ನ, ಅದರ ಅರ್ಥವೇನೆಂದು ಅವರನ್ನೇ ಕೇಳಿ ನೋಡಿ.